ಹುಲ್ಲು ಹೊಡೆಯುವ ಮಿಷನ್ನು ಹತ್ತು ವರ್ಷ ಬಾಳಬೇಕಾದರೆ

ಮಲೆನಾಡು, ಕರಾವಳಿಯ ಯಾವ ಅಡಿಕೆ ತೋಟದ ಮನೆಗೆ ಹೋದರೂ ಕೊಟ್ಟಿಗೆಯ ಗೋಡೆಗೆ ಒಂದು ಬ್ರಷ್ ಕಟ್ಟರ್ ಒರಗಿರುತ್ತದೆ. ನಮ್ಮ ಕಡೆ ಅದಕ್ಕೆ ಹುಲ್ಲು ಹೊಡೆಯುವ ಮಿಷನ್ ಅಂತಲೇ ಹೆಸರು. ಕತ್ತಿ ಹಿಡಿದು ತೋಟ ಸವರುವವರು ಸಿಗದ ಕಾಲದಲ್ಲಿ ಬಂದು ಮನೆಯ ಒಬ್ಬ ಆಳಾಗಿ ನಿಂತ ಯಂತ್ರ ಇದು. ಒಂದು ಮನೆಯಲ್ಲಿ ಹತ್ತು ವರ್ಷ ದಾಟಿದ ಮೇಲೂ ಎರಡನೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಪಕ್ಕದ ಮನೆಯಲ್ಲಿ ಅದೇ ಕಂಪನಿಯ ಅದೇ ಮಾಡೆಲ್ಲು ಮೂರನೇ ಮಳೆಗಾಲಕ್ಕೆ ಗುಜರಿ ಸೇರುತ್ತದೆ. ಎರಡೂ ಮನೆಯ ತೋಟ ಹೆಚ್ಚು ಕಡಿಮೆ ಅಷ್ಟಷ್ಟೇ, ಹುಲ್ಲೂ ಅಷ್ಟೇ.

ಇಂಥ ಎಂಜಿನ್‌ಗಳನ್ನು ಬಹಳ ವರ್ಷದಿಂದ ನೋಡುತ್ತ, ರಿಪೇರಿ ಮಾಡುವವರ ಪಕ್ಕ ಕೂತು ಕೇಳುತ್ತ ನನಗೆ ಗಟ್ಟಿಯಾದ ಒಂದು ಅಭಿಪ್ರಾಯವಿದೆ. ದುಡಿದು ಸವೆದು ಸಾಯುವ ಎಂಜಿನ್ ಕಡಿಮೆ. ಕೆಲಸವಿಲ್ಲದೆ ಕೂತಾಗ ಕೆಡುವುದೇ ಹೆಚ್ಚು. ಅದರ ಆಯುಷ್ಯ ತೀರ್ಮಾನವಾಗುವುದು ಹುಲ್ಲು ಹೊಡೆದು ಮುಗಿಸಿ ಮನೆಗೆ ತಂದ ಮೇಲಿನ ಹತ್ತು ನಿಮಿಷದಲ್ಲಿ, ಆಮೇಲೆ ಹಂಗಾಮು ಮುಗಿದು ಮೂಲೆಗಿಡುವ ಆ ಒಂದು ದಿನ.

ಮೊದಲು ಈ ಪುಟ್ಟ ಎಂಜಿನ್ನಿನ ಒಳಗನ್ನು ಸ್ವಲ್ಪ ನೋಡೋಣ. ನಮ್ಮ ತೋಟಗಳಲ್ಲಿ ಕಾಣಸಿಗುವ ಹೊಂಡಾ ಜಿಎಕ್ಸ್ 35 ಫೋರ್ ಸ್ಟ್ರೋಕ್ ಎಂಜಿನ್ನನ್ನೇ ತೆಗೆದುಕೊಳ್ಳಿ. ಸಾಮರ್ಥ್ಯ 35.8 ಸಿಸಿ. ಸಿಲಿಂಡರಿನ ವ್ಯಾಸ 39 ಮಿ.ಮೀ., ಪಿಸ್ಟನ್ ಓಡಾಡುವ ದೂರ ಬರೀ 30 ಮಿ.ಮೀ. ನಿಮಿಷಕ್ಕೆ 6,000 ಸುತ್ತಿನಲ್ಲಿ ಅದು ತಿರುಗುವಾಗ ಪಿಸ್ಟನ್ ಒಂದು ಸೆಕೆಂಡಿಗೆ ನೂರು ಸಲ ಮೇಲೆ ಹೋಗಿ ನೂರು ಸಲ ಕೆಳಗೆ ಬರುತ್ತದೆ. ಇಷ್ಟೂ ಓಡಾಟವನ್ನು ಕಾಯುವ ಎಣ್ಣೆ 100 ಎಂಎಲ್, ಅಂದರೆ ಅರ್ಧ ಲೋಟ ಕಾಫಿಯಷ್ಟು. ಕಾರಿನ ಎಂಜಿನ್ನಿಗೆ ಮೂರು ನಾಲ್ಕು ಲೀಟರ್ ಎಣ್ಣೆ ಇರುತ್ತದೆ, ಅದನ್ನು ಸೋಸಲು ಫಿಲ್ಟರ್ ಇರುತ್ತದೆ. ಇಲ್ಲಿ ಎಣ್ಣೆ ಫಿಲ್ಟರೇ ಇಲ್ಲ. ಮೂವತ್ತು ಎಂಎಲ್ ಉರಿದು ಹೋದರೆ ಮೂರನೇ ಒಂದು ಪಾಲು ಹೋದಂತೆ. ಎಂಜಿನ್ನನ್ನು ಹೇಗೆ ಓರೆ ಮಾಡಿದರೂ ಈ ಎಣ್ಣೆ ಮಂಜಿನಂತೆ ಎದ್ದು ಒಳಗಿನ ಎಲ್ಲ ಭಾಗಕ್ಕೂ ತಲುಪುವ ಹಾಗೆ ಅದನ್ನು ರೂಪಿಸಿದ್ದಾರೆ. ಇಳಿಜಾರು ತೋಟದಲ್ಲಿ, ಅಗಳದ ಅಂಚಿನಲ್ಲಿ ಮಿಷನ್ ಹಿಡಿದು ಓಲಾಡುವ ನಮಗೆ ಅದರ ಬೆಲೆ ಗೊತ್ತು.

ಹೊಸ ಎಂಜಿನ್ನಿನ ಮೊದಲ ಎಣ್ಣೆಯನ್ನು 10 ಗಂಟೆ ಓಡಿದ ಮೇಲೆ ಬದಲಿಸಬೇಕು, ಆಮೇಲೆ 50 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ. ಮೊದಲ ಬದಲಾವಣೆಯನ್ನೇ ಬಹಳ ಮಂದಿ ತಪ್ಪಿಸುತ್ತಾರೆ. ‘ಹೊಸತಲ್ವ, ಇನ್ನೂ ಚೆನ್ನಾಗಿದೆ’ ಅಂದುಕೊಳ್ಳುತ್ತಾರೆ. ಎಂಜಿನ್ ಬಿಸಿಯಿದ್ದಾಗಲೇ ಆ ಎಣ್ಣೆಯನ್ನು ಬಿಳಿ ಪ್ಲಾಸ್ಟಿಕ್ ತಟ್ಟೆಗೆ ಬಗ್ಗಿಸಿ ಬಿಸಿಲಿಗೆ ಹಿಡಿದು ನೋಡಿ. ಕಣ್ಣಿಗೆ ಕಾಣುವಷ್ಟು ಸಣ್ಣ ಮಿಣುಕುಗಳು ತೇಲುತ್ತಿರುತ್ತವೆ. ರಿಂಗು, ಸಿಲಿಂಡರು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರಿದ ಲೋಹದ ಪುಡಿ ಅದು. ಸೋಸುವ ಫಿಲ್ಟರ್ ಇಲ್ಲದ್ದರಿಂದ ನೀವು ಹೊರಗೆ ಹಾಕುವ ತನಕ ಆ ಪುಡಿ ಒಳಗೇ ಸುತ್ತುತ್ತ ಉಜ್ಜುತ್ತಿರುತ್ತದೆ. ಗಂಟೆಯ ಲೆಕ್ಕ ಇಡುವುದು ಕಷ್ಟವಲ್ಲ. ಒಂದು ಟ್ಯಾಂಕ್ ಪೆಟ್ರೋಲು ಹೆಚ್ಚು ಕಡಿಮೆ ಒಂದು ಗಂಟೆ ಬರುತ್ತದೆ. ಟ್ಯಾಂಕ್ ತುಂಬಿಸಿದಾಗಲೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕಿದರೆ ಸಾಕು.

ಟೂ ಸ್ಟ್ರೋಕ್ ಎಂಜಿನ್ನಿನ ಕಥೆ ಬೇರೆ. ಅಲ್ಲಿ ಎಣ್ಣೆಗೆಂದು ಬೇರೆ ಜಾಗವೇ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಟೂಟಿ ಎಣ್ಣೆಯೇ ಬೇರಿಂಗು, ಪಿಸ್ಟನ್ ಎಲ್ಲದಕ್ಕೂ ಜಾರು ಕೊಟ್ಟು ಕೊನೆಗೆ ತಾನೂ ಉರಿದು ಹೋಗುತ್ತದೆ. ಹಳೆಯ ಚೇತಕ್ ಸ್ಕೂಟರು, ಲೂನಾ ಓಡಿಸಿದವರಿಗೆ ಇದು ಹೊಸ ವಿಷಯವಲ್ಲ. ಎಂಜಿನ್ ತಯಾರಿಸಿದವರು 50ಕ್ಕೆ 1 ಅಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಎಂಎಲ್, 25ಕ್ಕೆ 1 ಅಂದಿದ್ದರೆ 40 ಎಂಎಲ್. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಔಷಧಿ ಅಂಗಡಿಯ ಸಿರಿಂಜ್ ಒಂದಿದ್ದರೆ ಅಳತೆ ಕರಾರುವಾಕ್ಕು. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಒಳ್ಳೆಯದಾಗಲಿ ಎಂದು ಹೆಚ್ಚು ಸುರಿದರೆ ಪ್ಲಗ್ಗು ಮಸಿ ಹಿಡಿಯುತ್ತದೆ, ಹೊಗೆ ಹೋಗುವ ದಾರಿಯಲ್ಲಿ ಕಾರ್ಬನ್ ಕಟ್ಟುತ್ತದೆ. ಬೆರೆಸುವುದನ್ನು ಬೇರೆ ಕ್ಯಾನಿನಲ್ಲಿ ಬೆರೆಸಿ, ಚೆನ್ನಾಗಿ ಕುಲುಕಿ, ಆಮೇಲೆ ಟ್ಯಾಂಕಿಗೆ ಹಾಕಬೇಕು. ಮನೆಯಲ್ಲಿ ಎರಡೂ ಬಗೆಯ ಮಿಷನ್ ಇದ್ದರೆ ಕ್ಯಾನುಗಳ ಮೇಲೆ ದೊಡ್ಡದಾಗಿ ಬರೆದಿಡಿ. ಬರೀ ಪೆಟ್ರೋಲನ್ನು ಟೂ ಸ್ಟ್ರೋಕಿಗೆ ಹಾಕಿ ಹೊಡೆದ ಎಂಜಿನ್ ಒಂದೇ ಟ್ಯಾಂಕಿನಲ್ಲಿ ಮುಗಿದು ಹೋಗಬಹುದು.

ಈಗ ಪೆಟ್ರೋಲಿಗೆ ಬರೋಣ. ಹೇಳಬೇಕಾದ್ದು ಹೆಚ್ಚು ಇರುವುದು ಇಲ್ಲೇ.

ನಮ್ಮ ತಾಲೂಕು ಪೇಟೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾರೆ. ಮಳೆ ಬಿಟ್ಟು ಕೊನೆಕೊಯ್ಲಿಗೆ ತೋಟ ಚೊಕ್ಕ ಮಾಡುವ ಹೊತ್ತು ಬಂತೆಂದರೆ ಅವರ ಅಂಗಡಿ ಮುಂದೆ ಸ್ಟಾರ್ಟ್ ಆಗದ ಮಿಷನ್ನುಗಳ ಸಾಲು. ಯಾರು ಏನೇ ದೂರು ಹೇಳಿದರೂ ಅವರು ಮೊದಲು ಸ್ಪ್ಯಾನರ್ ಮುಟ್ಟುವುದಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡುತ್ತಾರೆ.

‘ಹೆಗಡೇರೆ, ಪೆಟ್ರೋಲು ಯಾವಾಗಿಂದು?’

‘ಮಳೆಗಾಲಕ್ಕೆ ಮುಂಚೆ ಹಾಕಿದ್ದು ಇತ್ತಲ್ಲ, ಅದೇ.’

ಮುಂದಿನ ಮಾತಿಲ್ಲ. ಟ್ಯಾಂಕಿನಲ್ಲಿದ್ದುದನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಕಟ್ಟೆಯ ಮೇಲಿಡುತ್ತಾರೆ. ಕಾಲು ಗಂಟೆ ಕಳೆದ ಮೇಲೆ ನೋಡಿದರೆ ಬಾಟಲಿಯ ತಳದಲ್ಲಿ ಬೆರಳಗಲ ಬೇರೊಂದು ಪದರ, ನಡುವೆ ಸ್ಪಷ್ಟವಾದ ಗೆರೆ. ಇವತ್ತು ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲಿಗೆ ನೀರೆಂದರೆ ಪ್ರೀತಿ. ಆಷಾಢದ ಮಳೆಯಲ್ಲಿ, ಬಟ್ಟೆಯೂ ಒಣಗದ ಗಾಳಿಯಲ್ಲಿ, ಅರ್ಧ ಖಾಲಿಯಿರುವ ಟ್ಯಾಂಕು ತೇವ ಎಳೆದುಕೊಳ್ಳುತ್ತ ಹೋಗುತ್ತದೆ. ನೀರು ಒಂದು ಮಿತಿ ದಾಟಿದ ಕೂಡಲೇ ನೀರು, ಎಥೆನಾಲ್ ಎರಡೂ ಸೇರಿ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತವೆ. ಪೆಟ್ರೋಲು ಎಳೆಯುವ ಪೈಪಿನ ತುದಿ ಇರುವುದೂ ತಳದಲ್ಲೇ. ಟೂ ಸ್ಟ್ರೋಕ್ ಆದರೆ ಇನ್ನೂ ಅಪಾಯ: ಟೂಟಿ ಎಣ್ಣೆ ಮೇಲಿನ ಪೆಟ್ರೋಲಿನ ಜೊತೆ ಉಳಿಯುತ್ತದೆ, ಎಂಜಿನ್ನಿಗೆ ಹೋಗುವುದು ಎಣ್ಣೆಯೇ ಇಲ್ಲದ ತಳದ ನೀರು. ನಿಧಾನಕ್ಕೆ ಕಾರ್ಬುರೇಟರಿನ ಒಳಗೆ ಕಿಲುಬು, ತೆಳುವಾದ ರಬ್ಬರ್ ಡಯಾಫ್ರಮ್ ಸೆಟೆದುಕೊಳ್ಳುವುದು, ಕೂದಲೆಳೆಯಷ್ಟು ಸಣ್ಣ ತೂತುಗಳಲ್ಲಿ ಅಂಟು ಕಟ್ಟುವುದು.

ಆ ಕಾರ್ಬುರೇಟರನ್ನು ಅವರು ಬಿಚ್ಚುವುದನ್ನು ನೋಡಬೇಕು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಲೋಹದ ತುಂಡು. ನಾಲ್ಕು ಸ್ಕ್ರೂ ಬಿಚ್ಚಿದ ಕ್ರಮದಲ್ಲೇ ಸ್ಟೀಲ್ ತಟ್ಟೆಯಲ್ಲಿಡುತ್ತಾರೆ. ಡಯಾಫ್ರಮನ್ನು ಎರಡು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ಮೆಲ್ಲಗೆ ಒತ್ತುತ್ತಾರೆ. ಮೆತ್ತಗಿದ್ದರೆ ಸದ್ದಿಲ್ಲ, ಸೆಟೆದಿದ್ದರೆ ಸಣ್ಣಗೆ ಚಟಪಟ ಅನ್ನುತ್ತದೆ. ತೂತುಗಳಿಗೆ ತಂತಿ ಹಾಕುವುದಿಲ್ಲ, ತಂತಿ ಹಾಕಿದರೆ ತೂತು ದೊಡ್ಡದಾಗಿ ಅಳತೆ ಕೆಡುತ್ತದೆ. ಕ್ಲೀನರ್ ಸ್ಪ್ರೇ ಹೊಡೆದು, ಬೆಳಕಿಗೆ ಹಿಡಿದು, ಒಂದೊಂದೇ ತೂತಿನಲ್ಲಿ ಬೆಳಕು ಕಾಣುವ ತನಕ ಬಿಡುವುದಿಲ್ಲ. ಇಷ್ಟು ತಾಳ್ಮೆಯ ಕೆಲಸಕ್ಕೆ ನಾವು ಕೊಡುವ ಕೂಲಿ ಕಡಿಮೆ ಎಂದೇ ನನಗೆ ಅನ್ನಿಸುತ್ತದೆ.

ಗಾಳಿಯ ವಿಷಯವೂ ಹಾಗೆಯೇ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಆ ಪುಟ್ಟ ಎಂಜಿನ್ ನಿಮಿಷಕ್ಕೆ ಎಂಬತ್ತು, ನೂರು ಲೀಟರ್ ಗಾಳಿ ಎಳೆಯುತ್ತದೆ. ಅದೂ ಹುಲ್ಲಿನ ಪುಡಿ, ಧೂಳು, ಹೂವಿನ ಪರಾಗ ಹಾರಾಡುವ ಜಾಗದ ಗಾಳಿ. ನಡುವೆ ತಡೆ ಒಂದೇ, ಅಂಗೈಗಿಂತ ಸಣ್ಣ ಸ್ಪಂಜು. ಅದನ್ನು ಸೋಪುನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ನಾಲ್ಕು ಹನಿ ಎಂಜಿನ್ ಎಣ್ಣೆ ಹಚ್ಚಿ ಹಿಂಡಿ ಕೂರಿಸಬೇಕು. ಆ ಎಣ್ಣೆಯ ಅಂಟೇ ಧೂಳನ್ನು ಹಿಡಿಯುವುದು. ಕೆಲವು ಮಾಡೆಲ್ಲುಗಳ ಫಿಲ್ಟರ್ ಕಾಗದದ್ದು, ಅದಕ್ಕೆ ಎಣ್ಣೆ ಕೂಡದು, ತಟ್ಟಿ ಧೂಳು ಕೊಡವಬೇಕು. ಸ್ಪಂಜು ಹರಿಯಿತೆಂದು ತೆಗೆದಿಟ್ಟು ಹಾಗೇ ಓಡಿಸುವವರೂ ಇದ್ದಾರೆ. ಒಳಗೆ ಹೋದ ಧೂಳು ಎಣ್ಣೆಯ ಜೊತೆ ಸೇರಿ ಸಿಲಿಂಡರನ್ನು ಉಜ್ಜುವ ಮರಳುಕಾಗದವಾಗುತ್ತದೆ. ಬಲ ಕಡಿಮೆಯಾಯಿತು ಎಂದು ಅವರಿಗೆ ಗೊತ್ತಾಗುವ ಹೊತ್ತಿಗೆ ರಿಪೇರಿಯ ಹಂತ ದಾಟಿರುತ್ತದೆ.

ಕಣ್ಣಿಗೆ ಬೀಳದೆ ಎಂಜಿನ್ನನ್ನು ಕೊಲ್ಲುವ ಇನ್ನೊಂದು ಶತ್ರು ಬಿಸಿ. ಈ ಎಂಜಿನ್ನಿಗೆ ನೀರಿನ ಕೂಲಿಂಗ್ ಇಲ್ಲ. ಸಿಲಿಂಡರಿನ ಸುತ್ತ ಇರುವ ಅಲ್ಯುಮಿನಿಯಂ ರೆಕ್ಕೆಗಳ ನಡುವೆ ಫ್ಲೈವೀಲಿನ ಫ್ಯಾನ್ ಗಾಳಿ ಹೊಡೆದು ತಣಿಸುತ್ತದೆ. ಒದ್ದೆ ಹುಲ್ಲಿನ ಚೂರು ಅಲ್ಲಿ ಹೋಗಿ ಮೆತ್ತಿಕೊಂಡು, ಬಿಸಿಗೆ ಒಣಗಿ, ಗೋಡೆಗೆ ಹಚ್ಚಿದ ಗಾರೆಯಂತೆ ಗಟ್ಟಿಯಾಗುತ್ತದೆ. ಹೊರಗಿನ ಪ್ಲಾಸ್ಟಿಕ್ ಕವಚ ತೆಗೆಯದೆ ಇದು ಕಾಣುವುದೇ ಇಲ್ಲ. ತಿಂಗಳಿಗೊಮ್ಮೆ ಕವಚ ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ರೆಕ್ಕೆಗಳ ಸಂದು ಕೆರೆಯಿರಿ. ನೀರಿನ ಪೈಪು ಹಿಡಿಯಬೇಡಿ. ಕೆಲಸ ಮುಗಿದ ಕೂಡಲೇ ಸ್ವಿಚ್ ಒತ್ತಿ ನಿಲ್ಲಿಸುವ ಬದಲು ಒಂದೆರಡು ನಿಮಿಷ ನಿಧಾನಕ್ಕೆ ಓಡಲು ಬಿಟ್ಟರೆ ಆ ಫ್ಯಾನೇ ಎಂಜಿನ್ನನ್ನು ತಣಿಸಿಕೊಡುತ್ತದೆ.

ಪ್ಲಗ್ಗಿನ ಬಗ್ಗೆ ಎರಡೇ ಮಾತು. ತುದಿ ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಕಪ್ಪಾಗಿ ಒದ್ದೆಯಿದ್ದರೆ ಎಣ್ಣೆ ಅಥವಾ ಪೆಟ್ರೋಲು ಹೆಚ್ಚು, ಇಲ್ಲವೇ ಫಿಲ್ಟರ್ ಕಟ್ಟಿದೆ. ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ ಅತಿ ಬಿಸಿಯಾಗಿದೆ.

ಎಂಜಿನ್ನಿನ ಆರೋಗ್ಯ ಇನ್ನೊಂದು ತುದಿಯಲ್ಲೂ ಇದೆ ಎಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ. ಒಂದು ಕಡೆ ಸವೆದ, ಕಲ್ಲಿಗೆ ಬಡಿದು ಹಲ್ಲು ಮುರಿದ ಬ್ಲೇಡು ನಡುಗುತ್ತ ತಿರುಗುವಾಗ ಆ ನಡುಕ ಉದ್ದದ ಕೊಳವೆಯಲ್ಲಿ ಹಾದು ಬೇರಿಂಗುಗಳಿಗೆ ತಲುಪುತ್ತದೆ, ಹಿಡಿದವರ ಕೈಗೂ ತಲುಪುತ್ತದೆ. ನೈಲಾನ್ ದಾರ ಹಾಕುವವರು ಗಾರ್ಡನ್ನು ಬಿಚ್ಚಿಟ್ಟು, ದಾರ ಉದ್ದ ಬಿಟ್ಟು, ಒಂದೇ ಬೀಸಿಗೆ ಹೆಚ್ಚು ಜಾಗ ಹೊಡೆಯುತ್ತೇವೆ ಅನ್ನುತ್ತಾರೆ. ಇದು ನನ್ನ ಪ್ರಕಾರ ಶುದ್ಧ ತಪ್ಪು. ಗಾರ್ಡಿನ ಅಂಚಿನಲ್ಲಿರುವ ಸಣ್ಣ ಚೂರಿ ದಾರವನ್ನು ಎಂಜಿನ್ನಿನ ಶಕ್ತಿಗೆ ಹೊಂದುವ ಅಳತೆಗೆ ಕತ್ತರಿಸುವುದಕ್ಕೇ ಇರುವುದು. ದಾರ ಉದ್ದವಾದಷ್ಟೂ ಎಂಜಿನ್ ಏದುಸಿರು ಬಿಡುತ್ತದೆ, ಕ್ಲಚ್ ಜಾರಿ ಸುಡುತ್ತದೆ. ಎದುರಿಗೆ ಹಾರುವ ಕಲ್ಲಿನಿಂದ ಕಣ್ಣು ಕಾಲು ಕಾಯುವುದೂ ಅದೇ ಗಾರ್ಡು. ಬ್ಲೇಡಿನ ಹಿಂದೆ ಸುತ್ತಿಕೊಂಡ ಹುಲ್ಲು, ಬಳ್ಳಿಯನ್ನು ಅವತ್ತವತ್ತೇ ಬಿಡಿಸಿ, ಗೇರ್ ಹೆಡ್ಡಿಗೆ ಆಗಾಗ ಗ್ರೀಸ್ ತುಂಬಿ.

ಹಂಗಾಮು ಮುಗಿದ ದಿನದ ಕೆಲಸ ಅರ್ಧ ಗಂಟೆಯದು. ಟ್ಯಾಂಕ್ ಖಾಲಿ ಮಾಡಿ, ಎಂಜಿನ್ನನ್ನು ತಾನಾಗಿ ನಿಲ್ಲುವ ತನಕ ಓಡಿಸಿ. ಆಗ ಕಾರ್ಬುರೇಟರ್ ಒಣಗುತ್ತದೆ. ತಣಿದ ಮೇಲೆ ಪ್ಲಗ್ ಬಿಚ್ಚಿ ಆ ತೂತಿಗೆ ಕೆಲವೇ ಹನಿ ಎಂಜಿನ್ ಎಣ್ಣೆ ಬಿಟ್ಟು, ಹಗ್ಗವನ್ನು ಎರಡು ಮೂರು ಸಲ ಮೆಲ್ಲಗೆ ಎಳೆಯಿರಿ. ಪ್ಲಗ್ ಹಾಕಿ ಮತ್ತೆ ಎಳೆಯುವಾಗ ಒಂದು ಕಡೆ ಕೈಗೆ ಬಿಗಿ ಸಿಗುತ್ತದೆ, ಅಲ್ಲಿಗೆ ನಿಲ್ಲಿಸಿ. ಫೋರ್ ಸ್ಟ್ರೋಕಿನಲ್ಲಿ ಆಗ ವಾಲ್ವ್ ಎರಡೂ ಮುಚ್ಚಿರುತ್ತವೆ, ಮಳೆಗಾಲದ ತೇವ ಒಳಗೆ ಹೋಗುವುದಿಲ್ಲ. ಸಿಮೆಂಟ್ ನೆಲದ ಮೇಲಿಡಬೇಡಿ, ಅಟ್ಟದಲ್ಲೋ ಒಲೆಯ ಬಿಸಿ ತಾಗದ ಒಣ ಗೋಡೆಯ ಗೂಟಕ್ಕೋ ತೂಗುಹಾಕಿ.

ಬೋರ್ಡೋ ಹೊಡೆಯುವ ಪವರ್ ಸ್ಪ್ರೇಯರು, ಮರ ಕೊಯ್ಯುವ ಚೈನ್ ಸಾ, ಪಟ್ಟಣದ ಉದ್ಯಾನಗಳ ಲಾನ್ ಮೋವರು, ಬಂಟ್ವಾಳ ತಾಲೂಕಿನ ಸಜೀಪಮೂಡದ ಗಣಪತಿ ಭಟ್ಟರು ರೂಪಿಸಿದ ಅಡಿಕೆ ಮರ ಏರುವ ಯಂತ್ರ, ಎಲ್ಲದರ ಒಳಗೂ ಇರುವುದು ಇಂಥದೇ ಸಣ್ಣ ಎಂಜಿನ್. ಮಾಡೆಲ್ಲಿಗೆ ತಕ್ಕಂತೆ ಅಳತೆ ಬದಲಾಗುತ್ತದೆ, ಅದಕ್ಕೆ ಜೊತೆಗೆ ಬಂದ ಪುಸ್ತಕವನ್ನೇ ನಂಬಿ. ಉಳಿದ ಆರೈಕೆ ಹೆಚ್ಚು ಕಡಿಮೆ ಒಂದೇ. ಈ ಲೇಖನ ಓದಿ ಮುಗಿಸಿದವರು ಈವತ್ತು ಒಂದು ಕೆಲಸ ಮಾಡಿ: ಕೊಟ್ಟಿಗೆಗೆ ಹೋಗಿ ಮಿಷನ್ನಿನ ಟ್ಯಾಂಕ್ ತೆಗೆದು ನೋಡಿ. ಹೋದ ಹಂಗಾಮಿನ ಪೆಟ್ರೋಲು ಇನ್ನೂ ಅಲ್ಲೇ ಇದ್ದರೆ ಹೊರಗೆ ತೆಗೆಯಿರಿ.