ಬಟ್ಟಲು ಹಾಡುವಾಗ

ಬೈಲುಕುಪ್ಪೆಯ ಅಂಗಡಿಯೊಂದರಲ್ಲಿ ಕೊಂಡ, ತಟ್ಟಿದರೆ ಹಾಡುವ ಕಂಚಿನ ಬಟ್ಟಲನ್ನು ನಮ್ಮೂರು ಬಿಂಡಿಗನವಿಲೆಗೆ ತಂದಾಗ ನಮ್ಮವ್ವ ಕೇಳಿದ್ದು ಒಂದೇ ಮಾತು: "ಇದ್ರಲ್ ಏನ್ ಉಣ್ತೀಯಲಾ?"

ಮೊದಲ ದಿನ ಪಾತ್ರೆ ಹಿಡಿದಂತೆ ಬೆರಳಲ್ಲಿ ಅಮುಕಿ ಹಿಡಿದೆ. ತಟ್ಟಿದರೆ ನಾದ ಟಪ್ ಎಂದು ಸತ್ತಿತು. ಅಂಗೈ ಚಪ್ಪಟೆ ಇರಬೇಕು, ಬೆರಳು ಬದಿಗೆ ತಾಗಬಾರದು. ಮರದ ಕೋಲಿನಿಂದ ಮೆಲ್ಲಗೆ ತಟ್ಟಿ, ಅಂಚಿನ ಸುತ್ತ ನಿಧಾನವಾಗಿ ಒತ್ತಿ ಸವರಬೇಕು. ಆತುರಪಟ್ಟರೆ ಗರಗರ ಎನ್ನುತ್ತದೆ. ಸರಿಯಾಗಿ ಬಂದರೆ ನಾದ ಅಲೆಅಲೆಯಾಗಿ ತೂಗುತ್ತದೆ. ಕೈಯಲ್ಲಿ ಬಡಿದ ಬಟ್ಟಲು ಪೂರಾ ದುಂಡಗಿರುವುದಿಲ್ಲ, ಹತ್ತಿರಹತ್ತಿರದ ಎರಡು ಸ್ವರ ಸೇರಿ ಹಾಗಾಗುತ್ತದೆ. ಅವ್ವ ಕಿವಿಗೊಟ್ಟಳು. "ಗುಡಿ ಗಂಟೆ ಇದ್ದಂಗದೆ ಕಣ್ಲಾ." ನಿಜವೇ. ಎರಡೂ ತಾಮ್ರ, ತವರ ಬೆರೆತ ಕಂಚು.

ಇಂಥ ಬಟ್ಟಲನ್ನು ಟಿಬೆಟಿನ ಪುರಾತನ ಧ್ಯಾನವಿದ್ಯೆ ಎಂದು ಮಾರುವವರ ಮಾತು ಪೂರ್ತಿ ನಂಬಬೇಡಿ. ಈ ಬಟ್ಟಲುಗಳ ನಾದ ಪಶ್ಚಿಮದಲ್ಲಿ ಹೆಸರಾದದ್ದು 1972ರ 'ಟಿಬೆಟನ್ ಬೆಲ್ಸ್' ಧ್ವನಿಮುದ್ರಿಕೆಯ ನಂತರ. ಅಮೆರಿಕದಲ್ಲಿ 62 ಜನರ ಮೇಲೆ ನಡೆದ ಅಧ್ಯಯನವೊಂದರಲ್ಲಿ ಬಟ್ಟಲ ನಾದ ಕೇಳಿದ ಮೇಲೆ ಬಿಗುವು, ಆಯಾಸ ಇಳಿದದ್ದು ಕಂಡಿತು. ಆದರೆ ಬಟ್ಟಲಿಲ್ಲದೆ ಸುಮ್ಮನೆ ಮಲಗಿದವರ ಜೊತೆ ಹೋಲಿಸಿ ನೋಡಿರಲಿಲ್ಲ.

ನಾನು ಮಾಡುವುದಿಷ್ಟು: ರಾತ್ರಿ ಉಂಡು ಅರ್ಧ ಗಂಟೆ ಕಳೆದ ಮೇಲೆ ಜಗಲಿಯಲ್ಲಿ ಕೂತು ಒಮ್ಮೆ ತಟ್ಟುತ್ತೇನೆ. ಕಣ್ಣು ಮುಚ್ಚಿ, ನಾದ ಪೂರ್ತಿ ಕರಗುವವರೆಗೆ ಕೇಳುತ್ತಾ ಉಸಿರು ಬಿಡುತ್ತೇನೆ. ಹೀಗೆ ಹತ್ತು ಸಲ. ಮನಸ್ಸು ಪಂಪ್‌ಸೆಟ್ಟಿನ ಕರೆಂಟಿನ ಕಡೆ ಓಡಿದರೆ ಮತ್ತೆ ತಟ್ಟುವುದು.

ಬಟ್ಟಲೇ ಬೇಕೆಂದಿಲ್ಲ. ಅಟ್ಟದ ಮೇಲೆ ಅಜ್ಜಿಯ ಕಂಚಿನ ತಣಿಗೆ ಇದ್ದರೆ ಇಳಿಸಿ, ಒಮ್ಮೆ ತಟ್ಟಿ ನೋಡಿ.