ವಿದ್ಯುತ್ ಕಾರುಗಳ ರಿಪೇರಿಯಲ್ಲಿ ಆಗುವ ವಿಳಂಬ

ಕೊರಟಗೆರೆ ತಾಲ್ಲೂಕಿನ ಕೊಳಾಲದ ಕಡೆಯಲ್ಲಿ ಕೊಳವೆಬಾವಿಯ ಮೋಟಾರು ಸುಟ್ಟುಹೋದರೆ, ರೈತರು ಅದನ್ನು ಮೇಲೆತ್ತಿಸಿ, ವೈಂಡಿಂಗ್ ಅಂಗಡಿಗೆ ಒಯ್ದು, ಸಾಮಾನ್ಯವಾಗಿ ಎರಡು ಮೂರು ದಿನಗಳೊಳಗಾಗಿ ತಂತಿ ಸುತ್ತಿಸಿ ತಂದು ಪುನಃ ಇಳಿಸುವರು. ತೋಟವು ಒಣಗುವ ಭಯವಿರುವುದರಿಂದ ಅಂಗಡಿಯವನೂ ರಾತ್ರಿಯೆಲ್ಲ ಕುಳಿತು ಕೆಲಸ ಮಾಡಿಕೊಡುವುದುಂಟು. ವಿದ್ಯುತ್ ಕಾರನ್ನು ಓಡಿಸುವುದೂ ಒಂದು ಮೋಟಾರೇ ಆಗಿರಲಾಗಿ, ಅದು ಕೆಟ್ಟಾಗ ಡೀಲರ ಅಂಗಳದಲ್ಲಿ ವಾರಗಟ್ಟಲೆ, ಕೆಲವು ವೇಳೆ ತಿಂಗಳುಗಟ್ಟಲೆ ಏಕೆ ನಿಲ್ಲಬೇಕೆಂಬ ಪ್ರಶ್ನೆಯು ಜಮೀನುದಾರರಲ್ಲಿ ಹುಟ್ಟುವುದು ಸಹಜವಾಗಿದೆ. ಇಂತಹ ವಾಹನವನ್ನು ಕೊಳ್ಳಬೇಕೆಂದಿರುವ ಗ್ರಾಮದ ಮುಖಂಡರೂ ಭೂಮಾಲೀಕರೂ ಈ ವಿಷಯವನ್ನು ಮೊದಲೇ ತಿಳಿದಿರುವುದು ಅವಶ್ಯಕ.

ವಿದ್ಯುತ್ ವಾಹನಗಳ ವಿಷಯವಾಗಿ ೨೦೧೭ನೆಯ ಇಸವಿಯಲ್ಲಿ ಕರ್ನಾಟಕ ಸರ್ಕಾರದವರು ಒಂದು ನೀತಿಯನ್ನು ಪ್ರಕಟಿಸಿದರು. ಇಂತಹ ನೀತಿಯನ್ನು ಹೊರಡಿಸಿದ ರಾಜ್ಯಗಳಲ್ಲಿ ಕರ್ನಾಟಕವೇ ಮೊದಲನೆಯದು. ಮನೆಯಲ್ಲಿಯೇ ಚಾರ್ಜು ಮಾಡಿಕೊಳ್ಳಬಹುದಾದುದರಿಂದ ಪೆಟ್ರೋಲಿಗಾಗಿ ಅಲೆಯುವ ಶ್ರಮವಿಲ್ಲ. ಓಡಾಟದ ಖರ್ಚೂ ಕಡಿಮೆ. ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು ೧೩,೦೦೦ ಎಕರೆ ಭೂಮಿಯಲ್ಲಿ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರವಿದೆ. ವಿದ್ಯುತ್ತು ತಯಾರಾಗುವ ಸ್ಥಳವು ಈ ಸೀಮೆಗೆ ಸಮೀಪವಾಗಿದ್ದು, ಅದರಿಂದ ಓಡುವ ವಾಹನವನ್ನು ಸರಿಪಡಿಸತಕ್ಕವನು ಮಾತ್ರ ದೂರದಲ್ಲಿದ್ದಾನೆ.

ವಿದ್ಯುತ್ ಕಾರಿನಲ್ಲಿ ಚಲಿಸುವ ಭಾಗಗಳು ಪೆಟ್ರೋಲ್ ಕಾರಿಗಿಂತ ಬಹಳ ಕಡಿಮೆ. ಎಂಜಿನ್ ಎಣ್ಣೆ ಬದಲಾಯಿಸುವುದು, ಪ್ಲಗ್ಗು ಉಜ್ಜುವುದು, ಕ್ಲಚ್ಚು ಸವೆಯುವುದು ಮುಂತಾದ ಚಿಲ್ಲರೆ ತೊಂದರೆಗಳು ಇದಕ್ಕಿಲ್ಲ. ಆದರೆ ಇದರ ಮುಖ್ಯಭಾಗಗಳೊಳಗೆ ಯಾವುದಾದರೂ ಕೆಟ್ಟರೆ ಊರಿನ ಮೆಕ್ಯಾನಿಕ್ಕನು ಕೈಹಾಕುವಂತಿಲ್ಲ. ಇದಕ್ಕೆ ಮೊದಲನೆಯ ಕಾರಣವು ಅಪಾಯ. ಪಂಪಿನ ಮೋಟಾರಿಗೆ ಬರುವ ೪೧೫ ವೋಲ್ಟ್ ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಾಯಿಸುವುದರಿಂದ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತದೆ. ಆದುದರಿಂದ ಸ್ವಿಚ್ಚಿನಲ್ಲಿ ಹುಟ್ಟಿದ ಕಿಡಿಯು ತಾನೇ ಆರುವುದು ಸುಲಭ. ಕಾರಿನ ದೊಡ್ಡ ಬ್ಯಾಟರಿಯಿಂದ ಬರುವುದು ಸಾಮಾನ್ಯವಾಗಿ ೩೦೦ರಿಂದ ೪೦೦ ವೋಲ್ಟಿನ ಏಕಮುಖ ವಿದ್ಯುತ್ತು. ಇದು ಸೊನ್ನೆಗೆ ಇಳಿಯುವುದೇ ಇಲ್ಲವಾಗಿ ಕಿಡಿಯು ಎಳೆಯಾಗಿ ಉರಿಯುತ್ತಲೇ ಇರುವುದು. ಅಲ್ಲದೆ ಪಂಪಿಗೆ ಫ್ಯೂಸು ಕಿತ್ತರೆ ಸಾಕು. ಬ್ಯಾಟರಿಯೊಳಗಿನ ಶಕ್ತಿಯನ್ನು ಹಾಗೆ ಕಿತ್ತಿಡಲು ಬಾರದು. ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ತರಬೇತಿಯಿಲ್ಲದವರು ಯಾವ ಕಾರಣಕ್ಕೂ ಮುಟ್ಟಕೂಡದು. ತರಬೇತಿ ಹೊಂದಿದವರು ಒಂದು ಸರ್ವಿಸ್ ಕೇಂದ್ರದಲ್ಲಿ ಒಬ್ಬರೋ ಇಬ್ಬರೋ ಮಾತ್ರ ಇದ್ದರೆ, ಅವರ ಸರದಿ ಬರುವವರೆಗೆ ಕಾರು ಕಾಯಬೇಕಾಗುತ್ತದೆ.

ಎರಡನೆಯದು ಬ್ಯಾಟರಿಯ ರಚನೆ. ಇದು ಒಂದೇ ವಸ್ತುವಲ್ಲ. ಸಾಲಾಗಿ ಜೋಡಿಸಿದ ಅನೇಕ ಸಣ್ಣ ಕೋಶಗಳ ಸಮೂಹ. ಕಪಿಲೆಗೆ ಕಟ್ಟಿದ ಜೋಡೆತ್ತುಗಳಲ್ಲಿ ಒಂದು ಬಡಕಲಾದರೆ ಇನ್ನೊಂದು ಎಷ್ಟೇ ಪುಷ್ಟವಾಗಿದ್ದರೂ ಬಾನಿಯು ಬಡಕಲೆತ್ತಿನ ನಡಿಗೆಗೆ ತಕ್ಕಂತೆಯೇ ಏರುವುದನ್ನು ಹಿರಿಯ ರೈತರು ಬಲ್ಲರು. ಅದರಂತೆ ಸಾಲಿನಲ್ಲಿ ಒಂದು ಕೋಶವು ದುರ್ಬಲವಾದರೆ ಇಡೀ ಬ್ಯಾಟರಿಯ ಓಟವು ಕುಗ್ಗುವುದು. ಯಾವ ಕೋಶವೆಂಬುದನ್ನು ಕಣ್ಣಿನಿಂದಾಗಲಿ ಕಿವಿಯಿಂದಾಗಲಿ ಕಂಡುಹಿಡಿಯಲಾಗದು. ಗಣಕಯಂತ್ರವನ್ನು ಕಾರಿಗೆ ಜೋಡಿಸಿ ಓದಬೇಕು. ಡೀಲರಿಗೆ ಅದು ತಿಳಿಯದಿದ್ದರೆ ಆ ಓದನ್ನು ಕಂಪೆನಿಯವರಿಗೆ ಕಳುಹಿಸಿ ಅವರ ಅಪ್ಪಣೆಗಾಗಿ ಕಾಯುವನು. ಹಲವು ಕಂಪೆನಿಗಳು ಬ್ಯಾಟರಿಗೆ ೮ ವರ್ಷ ಅಥವಾ ೧,೬೦,೦೦೦ ಕಿಲೋಮೀಟರುಗಳ ವಾರಂಟಿ ಕೊಟ್ಟಿರುವುದರಿಂದ, ಲಕ್ಷಗಟ್ಟಲೆ ಬೆಲೆಯ ವಸ್ತುವನ್ನು ಬದಲಾಯಿಸಿಕೊಡುವ ಮುನ್ನ ಒಂದಲ್ಲ ಎರಡು ಸಲ ಪರೀಕ್ಷಿಸುವುದು ವ್ಯಾಪಾರದ ಧರ್ಮವೇ ಸರಿ. ಅಪಘಾತದಲ್ಲಿ ಜಖಮಾಗಿದ್ದರೆ ವಿಮಾ ಕಂಪೆನಿಯ ಸರ್ವೆಯರನ ವರದಿಯೂ ಬರಬೇಕು. ಹೀಗೆ, ತಿರುಪು ಬಿಚ್ಚಿ ಕಟ್ಟುವ ಕೆಲಸವು ಒಂದು ದಿನದ್ದಾದರೂ, ಕಾಗದಪತ್ರಗಳ ಓಡಾಟವೇ ಬಹುಪಾಲು ಕಾಲವನ್ನು ತಿನ್ನುವುದು.

ಅಪ್ಪಣೆ ಬಂದರೂ ಬಿಡಿಭಾಗ ಬರಬೇಕಷ್ಟೆ. ಲಿಥಿಯಂ ಬ್ಯಾಟರಿಯು ಅಪಾಯಕರ ಸರಕೆಂದು ಗಣನೆಗೆ ಬಂದಿರುವುದರಿಂದ ಸಾಮಾನ್ಯ ಪಾರ್ಸಲಿನಂತೆ ಕಳುಹಿಸುವಂತಿಲ್ಲ. ಕೆಟ್ಟ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವುದು ನಿಷಿದ್ಧ. ಕೋಶಗಳೂ ಸೂಕ್ಷ್ಮ ಚಿಪ್ಪುಗಳೂ ಹೆಚ್ಚಾಗಿ ಪರದೇಶಗಳಿಂದ ಬರತಕ್ಕವು. ೨೦೨೫ರ ಏಪ್ರಿಲಿನಲ್ಲಿ ಚೀನಾ ದೇಶವು ಮೋಟಾರಿನ ಅಯಸ್ಕಾಂತಗಳಿಗೆ ಬೇಕಾದ ಕೆಲವು ವಿರಳ ಲೋಹಗಳ ರಫ್ತಿಗೆ ಪರವಾನಗಿಯನ್ನು ಕಡ್ಡಾಯ ಮಾಡಿದಾಗ ಭಾರತದ ವಾಹನ ತಯಾರಕರೂ ಅದರ ಬಿಸಿಯನ್ನು ಅನುಭವಿಸಿದರು.

ಈ ವಾಹನಗಳು ಕರ್ನಾಟಕಕ್ಕೆ ತೀರ ಹೊಸತಲ್ಲ. ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಚಿಕ್ಕ ಕಾರು ೨೦೦೧ರಲ್ಲಿಯೇ ಮಾರಾಟಕ್ಕೆ ಬಂದಿತು. ೬ ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿಂದ, ಎಂದರೆ ೪೮ ವೋಲ್ಟಿನಿಂದ ಅದು ಓಡುತ್ತಿದ್ದಿತು. ಲಂಡನ್ ನಗರದಲ್ಲಿಯೂ ಬೇರೆ ಹೆಸರಿನಿಂದ ಪ್ರಸಿದ್ಧವಾಯಿತು. ೨೦೧೦ರಲ್ಲಿ ಆ ಸಂಸ್ಥೆಯು ಮಹೀಂದ್ರಾ ಕಂಪೆನಿಯ ಕೈಸೇರಿತು. ೨೦೧೩ರಲ್ಲಿ ಇ೨ಒ ಎಂಬ ಬೇರೆ ಕಾರು ಬಂದಿತು. ಅನಂತರ ಅದರ ತಯಾರಿಕೆಯೂ ನಿಂತಿತು. ಕಾರಿನ ಮಾದರಿಯು ಮಾರುಕಟ್ಟೆಯಿಂದ ಮರೆಯಾದ ಮೇಲೂ ಕೊಂಡವನ ಮನೆಯಲ್ಲಿ ಕಾರು ಉಳಿದಿರುತ್ತದೆಂಬುದನ್ನು ಮರೆಯಬಾರದು. ಬಿಡಿಭಾಗಗಳನ್ನು ಎಷ್ಟು ವರ್ಷ ಒದಗಿಸುವರೆಂದು ಕೊಳ್ಳುವಾಗಲೇ ಕೇಳುವುದು ಅನುಚಿತವೇನೂ ಅಲ್ಲ.

ಸ್ಕೂಟರುಗಳ ವಿಷಯದಲ್ಲಿ ಈ ತೊಂದರೆಯು ಇನ್ನೂ ದೊಡ್ಡದಾಗಿ ಬೆಳೆಯಿತು. ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಕಂಪೆನಿಯ ವಿಷಯವಾಗಿ ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ೧೦,೬೪೪ ದೂರುಗಳು ಬಂದುದರಿಂದ, ೨೦೨೪ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವರು ಅದಕ್ಕೆ ನೋಟೀಸು ಕೊಟ್ಟರು. ಅವುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮೇಲ್ಪಟ್ಟು ಇತ್ಯರ್ಥವಾಗಿವೆಯೆಂದು ಕಂಪೆನಿಯವರು ಉತ್ತರವಿತ್ತರು. ಅದಕ್ಕೆ ಹಿಂದಿನ ತಿಂಗಳು ಕಲಬುರಗಿಯಲ್ಲಿ, ಸ್ಕೂಟರು ಸರಿಯಾಗಲಿಲ್ಲವೆಂಬ ಸಿಟ್ಟಿನಿಂದ ಗ್ರಾಹಕನೊಬ್ಬನು ಷೋರೂಮಿಗೇ ಬೆಂಕಿಯಿಟ್ಟು ಪೋಲೀಸರ ವಶವಾದನು. ಸ್ಕೂಟರು ಅದರಿಂದ ಸರಿಯಾಗಲಿಲ್ಲ. ದೂರು ಕೊಡತಕ್ಕವನೇ ಆಪಾದಿತನಾದನು.

ಕೊಳ್ಳುವ ಮುಂಚೆ ನೋಡಬೇಕಾದುದು ಕಾರಿನ ಬಣ್ಣವನ್ನಲ್ಲ, ಸರ್ವಿಸ್ ಕೇಂದ್ರವನ್ನು. ತುಮಕೂರಿನಲ್ಲಿಯೇ ದೊಡ್ಡ ಬ್ಯಾಟರಿಯ ಕೆಲಸ ನಡೆಯುವುದೇ, ಇಲ್ಲವೆ ಬೆಂಗಳೂರಿಗೆ ಒಯ್ಯಬೇಕೇ, ಒಯ್ಯುವ ಖರ್ಚು ಯಾರದು, ತಡವಾದರೆ ಬದಲಿ ವಾಹನವನ್ನು ಕೊಡುವರೇ ಎಂದು ವಿಚಾರಿಸಿ, ಉತ್ತರಗಳನ್ನು ಬರಹದಲ್ಲಿ ಪಡೆಯತಕ್ಕದ್ದು. ಅಂಗಳದಲ್ಲಿ ಧೂಳು ಹಿಡಿದು ನಿಂತಿರುವ ಕಾರುಗಳ ಮಾಲೀಕರನ್ನು ಮಾತನಾಡಿಸಿದರೆ ಮಾರಾಟಗಾರನ ಪುಸ್ತಿಕೆಗಿಂತ ಹೆಚ್ಚಿನ ಸಂಗತಿ ತಿಳಿಯುವುದು.

ಕಾರು ನಿಂತಾಗಲೂ ಗಾಬರಿಪಡಬೇಕಾಗಿಲ್ಲ. ದೀಪಗಳು, ಬೀಗ, ಗಣಕ ಮೊದಲಾದುವಕ್ಕೆ ೧೨ ವೋಲ್ಟಿನ ಒಂದು ಚಿಕ್ಕ ಬ್ಯಾಟರಿಯು ಬೇರೆಯಾಗಿರುತ್ತದೆ. ಇದು ಸತ್ತುಹೋದರೆ, ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಅಲುಗದು. ಕೈಪಿಡಿಯಲ್ಲಿ ಹೇಳಿರುವ ಕ್ರಮದಂತೆ ಮೊದಲು ಇದನ್ನು ಪರೀಕ್ಷಿಸಿದರೆ ಕೆಲವು ವೇಳೆ ಡೀಲರಲ್ಲಿಗೆ ಹೋಗುವ ಪ್ರಮೇಯವೇ ಬರುವುದಿಲ್ಲ. ಹಾಗೂ ಹೋಗಬೇಕಾದರೆ, ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವ ಹಳ್ಳಿಯ ರೂಢಿಯು ಇಲ್ಲಿ ಸಲ್ಲದು. ಚಕ್ರಗಳು ಉರುಳಿದಂತೆಲ್ಲ ಮೋಟಾರೂ ತಿರುಗಿ ವಿದ್ಯುತ್ತನ್ನು ಹುಟ್ಟಿಸುವುದರಿಂದ ಒಳಭಾಗಗಳು ಕೆಡುವ ಸಂಭವವುಂಟು. ನಾಲ್ಕು ಚಕ್ರಗಳನ್ನೂ ನೆಲದಿಂದೆತ್ತಿ ಲಾರಿಯ ಮೇಲೆಯೇ ಸಾಗಿಸಬೇಕು.

ಒಪ್ಪಿಸುವಾಗ ಜಾಬ್ ಕಾರ್ಡಿನಲ್ಲಿ ತಾರೀಖು, ಓಡಿದ ಕಿಲೋಮೀಟರು, ಬ್ಯಾಟರಿಯಲ್ಲಿ ಉಳಿದ ಚಾರ್ಜು, ಕೆಟ್ಟ ಲಕ್ಷಣ, ಹಿಂದಿರುಗಿಸುವ ದಿನ ಇವಿಷ್ಟನ್ನೂ ಬರೆಯಿಸಿ ರುಜುವಾದ ಪ್ರತಿಯನ್ನು ತರತಕ್ಕದ್ದು. “ನಾಳೆ ಬನ್ನಿ ಗೌಡ್ರೆ” ಎಂಬ ಬಾಯಿಮಾತಿಗೆ ಮುಂದೆ ಸಾಕ್ಷಿಯಿಲ್ಲ. ಬಿಡಿಭಾಗವನ್ನು ಕಂಪೆನಿಗೆ ಎಂದು ಬರೆದರು, ಅದರ ಆರ್ಡರ್ ಸಂಖ್ಯೆಯೇನು ಎಂದು ಕೇಳಿದರೆ ತಡವು ಡೀಲರದೋ ಕಂಪೆನಿಯದೋ ಗೊತ್ತಾಗುವುದು. ಬಹುಕಾಲ ನಿಲ್ಲುವ ಕಾರಿನ ಬ್ಯಾಟರಿಯನ್ನು ಪೂರ್ತಿ ಬರಿದಾಗಲು ಬಿಡದೆ ಸುಮಾರು ಅರ್ಧದಷ್ಟು ಚಾರ್ಜಿನಲ್ಲಿಡುವಂತೆಯೂ ಬರಹದಲ್ಲಿ ತಿಳಿಸಬೇಕು.

ಇಷ್ಟಾದರೂ ಫಲ ಕಾಣದಿದ್ದಲ್ಲಿ ೧೯೧೫ ಎಂಬ ಸಂಖ್ಯೆಗೆ ಫೋನು ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರನ್ನು ದಾಖಲಿಸಬಹುದು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಡೀಲರು ಬೆಂಗಳೂರಿನವನಾದರೂ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಳಾಲದವರು ತುಮಕೂರಿಗೆ ಹೋದರೆ ಸಾಕು. ಕಾರಣವುಂಟಾದ ೨ ವರ್ಷಗಳೊಳಗೆ ದೂರು ಸಲ್ಲಬೇಕು. ಆದರೆ ಬರಿಯ ವ್ಯಾಪಾರಕ್ಕಾಗಿ ಕೊಂಡ ವಾಹನಕ್ಕೆ ಈ ಕಾಯಿದೆ ಅನ್ವಯಿಸದು. ತನ್ನ ಜೀವನೋಪಾಯಕ್ಕಾಗಿ ತಾನೇ ದುಡಿಸುವ ವಾಹನಕ್ಕೆ ಮಾತ್ರ ವಿನಾಯಿತಿಯುಂಟು. ಸರಕು ಸಾಗಿಸುವ ವಿದ್ಯುತ್ ಆಟೋಗಳನ್ನು ನಾಲ್ಕಾರು ಇಟ್ಟು ಬಾಡಿಗೆಗೆ ಬಿಡುವವರು ಇದನ್ನು ಗಮನಿಸಬೇಕು.

ಕಾರು ನಿಂತರೆ ಬಸ್ಸಿದೆ. ವಿದ್ಯುತ್ತಿನಿಂದ ಓಡುವ ಟ್ರಾಕ್ಟರುಗಳೂ ೨೦೨೦ರ ಕೊನೆಯಿಂದ ಭಾರತದಲ್ಲಿ ಮಾರಾಟಕ್ಕೆ ಬಂದಿವೆ. ಮಳೆ ಬಿದ್ದು ಹದವಾದ ಕೆಂಪು ನೆಲವು ಬಿತ್ತನೆಗಾಗಿ ನಾಲ್ಕೈದು ದಿನಗಳಿಗಿಂತ ಹೆಚ್ಚಾಗಿ ಕಾಯದು. ಬಿಡಿಭಾಗವು ಮೂರು ವಾರಗಳ ಮೇಲೆ ಬಂದರೆ ರಾಗಿಯ ಕಾಲವೇ ಮೀರಿರುತ್ತದೆ. ಆದಕಾರಣ ಇಂತಹ ಟ್ರಾಕ್ಟರನ್ನು ಕೊಳ್ಳುವವರು, ಕೆಟ್ಟಾಗ ಇಷ್ಟು ದಿನಗಳೊಳಗೆ ಬದಲಿ ಟ್ರಾಕ್ಟರನ್ನು ಕೊಡುವೆವೆಂದು ಮಾರಾಟಗಾರರಿಂದ ಕರಾರಿನಲ್ಲಿ ಬರೆಯಿಸಿಕೊಳ್ಳುವವರೆಗೆ, ಇರುವ ಡೀಸಲ್ ಟ್ರಾಕ್ಟರನ್ನಾಗಲಿ ಮನೆಯ ಜೊತೆ ಎತ್ತುಗಳನ್ನಾಗಲಿ ಮಾರಿಬಿಡುವುದು ಯುಕ್ತವಲ್ಲ.