ಹವಾಯಿಯ ಪೋಹುವೆಹುವೆ ಬಳ್ಳಿಯ ಉಪಯೋಗವೇನು?

ಪೋಹುವೆಹುವೆ ಹವಾಯಿ ದ್ವೀಪಗಳ ಮರಳದಂಡೆಯಲ್ಲಿ ತಾನಾಗಿಯೇ ಹಬ್ಬುವ ಬಳ್ಳಿ. ದಪ್ಪನೆಯ ಎಲೆಯ ತುದಿ ಸೀಳಿದ್ದು, ಮೇಕೆಯ ಗೊರಸಿನಂತೆ ಕಾಣುತ್ತದೆ. ಹೂವು ನೇರಳೆ ಛಾಯೆಯ ಗುಲಾಬಿ ಬಣ್ಣದ್ದು. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಮರಳನ್ನು ಹಿಡಿದಿಡುತ್ತದೆ. ಇದರ ಬೀಜಗಳು ಉಪ್ಪುನೀರಿನಲ್ಲಿ ತೇಲಿಹೋಗಿ ದೂರದ ದಡದಲ್ಲಿ ಮೊಳೆಯುತ್ತವೆ. ಕರ್ನಾಟಕದ ಕರಾವಳಿಯ ಅಡುಂಬು ಬಳ್ಳಿಯೂ ಇದೇ ಜಾತಿಯದು.

ಉಪಯೋಗಗಳಲ್ಲಿ ಅತ್ಯಂತ ಸೊಗಸಾದದ್ದು ಅಲೆಯನ್ನು ಕರೆಯುವ ಪದ್ಧತಿ. ಕಡಲು ಶಾಂತವಾಗಿದ್ದರೆ ಅಲೆಸವಾರರು ಉದ್ದನೆಯ ಬಳ್ಳಿಗಳಿಂದ ನೀರನ್ನು ಬಡಿದು, ಮಂತ್ರ ಹಾಡಿ ದೊಡ್ಡ ಅಲೆಗಳನ್ನು ಬೇಡುತ್ತಿದ್ದರು. ಮೀನುಗಳನ್ನು ಬಲೆಯತ್ತ ಅಟ್ಟಲೂ ಬಳ್ಳಿಯೇ ಬೇಕಿತ್ತು. ಬಾಣಂತಿಗೆ ಹಾಲು ಇಳಿಯಲೆಂದು ಎದೆಗೆ ಬಳ್ಳಿ ತಟ್ಟುವ ರೂಢಿಯಿತ್ತು. ಜಜ್ಜಿದ ಗಿಡವನ್ನು ಉಳುಕಿಗೆ ಕಟ್ಟುತ್ತಿದ್ದರು. ಬರಗಾಲದಲ್ಲಿ ಬೇರು, ಕಾಂಡಗಳೂ ಆಹಾರವಾಗುತ್ತಿದ್ದವು. ಹೆಚ್ಚಾದರೆ ಭೇದಿ ಖಚಿತವಾದ್ದರಿಂದ ಮಿತವಾಗಿಯೇ ತಿನ್ನಬೇಕಿತ್ತು.